ಬಿಡುಗಡೆಯ ಪತ್ರ

ನಮ್ಮ ಪ್ರಸಾದ ನಿಲಯದಲ್ಲಿ ಉಂಡು ಓದಿ ಬೆಳೆದು, ಈಗ ಅಮೆರಿಕ ದೇಶದ ಮಿನಿಯಾಪೊಲಿಸ್ ನಗರದಲ್ಲಿ ವಕೀಲರಾಗಿರುವ ಶಿಷ್ಯರೊಬ್ಬರ ಒತ್ತಾಯಕ್ಕೆ ಕಟ್ಟುಬಿದ್ದು ನಾವು 2018ರ ಸೆಪ್ಟೆಂಬರಿನಲ್ಲಿ ಆ ಊರಿಗೆ ಹೋಗಿದ್ದೆವು. ಅಲ್ಲಿ ನೋಡಿದ ಸರೋವರಗಳೂ ಎತ್ತರದ ಸೌಧಗಳೂ ನೆನಪಿನಲ್ಲಿ ಮಸುಕಾಗಿವೆ. ಒಂದು ಸಂಜೆ ಅವರ ಊಟದ ಮೇಜಿನ ಮೇಲೆ ಕಂಡ ಒಂದು ಹಾಳೆ ಮಾತ್ರ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಆ ಶಿಷ್ಯರು ವಾರಕ್ಕೊಂದು ಸಂಜೆ ಬಡವರಾದ ಮಾಜಿ ಸೈನಿಕರಿಗೆ ಶುಲ್ಕವಿಲ್ಲದೆ ಅರ್ಜಿ ಬರೆದುಕೊಡುತ್ತಾರೆ. ಅಂದು ಬಂದವರು ಎಪ್ಪತ್ತರ ಸಮೀಪದ ಒಬ್ಬ ವೃದ್ಧರು. ಅವರು ಪ್ಲಾಸ್ಟಿಕ್ ಚೀಲದಿಂದ ಜೋಪಾನವಾಗಿ ತೆಗೆದಿಟ್ಟ ಹಾಳೆಗೆ ಅಲ್ಲಿ ಡಿ.ಡಿ. 214 ಎಂದು ಹೆಸರು. ಸೇನೆಯಿಂದ ಹೊರಬರುವ ಪ್ರತಿಯೊಬ್ಬನಿಗೂ ಕೊಡುವ ಬಿಡುಗಡೆಯ ಪತ್ರವದು. ಅವನ ಸೇವೆ ಯಾವ ದರ್ಜೆಯದೆಂಬ ನಿರ್ಣಯ ಅದರಲ್ಲಿ ದಾಖಲಾಗಿರುತ್ತದೆ. ಗೌರವಪೂರ್ಣ ಬಿಡುಗಡೆ ಮೊದಲನೆಯದು. ಅದರ ಕೆಳಗೆ ಸಾಮಾನ್ಯ ಬಿಡುಗಡೆ. ಅದಕ್ಕೂ ಕೆಳಗೆ ಗೌರವೇತರವಾದದ್ದು. ದುರ್ನಡತೆಯ ಬಿಡುಗಡೆ ಮತ್ತು ಅಗೌರವದ ಬಿಡುಗಡೆಗಳನ್ನು ಸೈನಿಕ ನ್ಯಾಯಾಲಯ ಮಾತ್ರ ವಿಧಿಸಬಲ್ಲುದು. ಆ ವೃದ್ಧರ ಪತ್ರದಲ್ಲಿದ್ದುದು ‘ಅನಪೇಕ್ಷಿತ’ ಎಂಬ ಶಬ್ದ. ಇಂದು ಗೌರವೇತರ ಎಂದು ಕರೆಯುವ ದರ್ಜೆಗೆ ಅಂದು ಆ ಹೆಸರಿತ್ತು. ಒಬ್ಬ ಮನುಷ್ಯನನ್ನು ಕುರಿತು ಬೇಡವಾದವನು ಎಂದು ಸರಕಾರವೇ ಬರೆದುಕೊಟ್ಟ ಪತ್ರವನ್ನು ಆತ ನಲವತ್ತೆಂಟು ವರ್ಷ ಕಾಪಾಡಿಕೊಂಡು ಬಂದಿದ್ದರು.

ಅವರ ಕಥೆ ದೊಡ್ಡದಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋದರು; ಒಂದು ವರ್ಷ ಕಾದಾಡಿ ಜೀವಸಹಿತ ಮರಳಿದರು. ತಾಯ್ನಾಡಿನ ಶಿಬಿರದಲ್ಲಿ ರಾತ್ರಿ ನಿದ್ರೆ ಬಾರದು. ಬಾಗಿಲು ಬಡಿದ ಸದ್ದಿಗೆ ಮಂಚದ ಕೆಳಗೆ ಅಡಗುವರು. ಒಂದು ದಿನ ಯಾರಿಗೂ ಹೇಳದೆ ಹೊರಟುಹೋದರು. ನಾಲ್ಕು ತಿಂಗಳ ನಂತರ ತಾವಾಗಿಯೇ ಬಂದು ಒಪ್ಪಿಸಿಕೊಂಡಾಗ, ಸೈನಿಕ ನ್ಯಾಯಾಲಯದ ವಿಚಾರಣೆ ಎದುರಿಸಬೇಕು, ಇಲ್ಲವೇ ಸೇವೆಯಿಂದ ಬಿಡುಗಡೆ ಕೋರಿ ಸಹಿ ಹಾಕಬೇಕು ಎಂದರಂತೆ. ಇಪ್ಪತ್ತರ ಹುಡುಗ ಸಹಿ ಹಾಕಿದ. ಆ ಸಹಿಯ ಬೆಲೆ ಏನೆಂಬುದು ಅವನಿಗೆ ತಿಳಿದದ್ದು ಕೆಲಸ ಕೇಳಲು ಹೋದಾಗ, ಸರಕಾರದ ಖರ್ಚಿನಲ್ಲಿ ಓದಬೇಕೆಂದಾಗ, ಮಾಜಿ ಸೈನಿಕರ ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗ.

“ಎಲ್ಲಿದ್ದೆ ಎಂದು ಎಲ್ಲರೂ ಕೇಳಿದರು, ಏಕೆ ಹೋದೆ ಎಂದು ಒಬ್ಬರೂ ಕೇಳಲಿಲ್ಲ” ಎಂದು ಆ ವೃದ್ಧರು ಹೇಳಿದ ಮಾತು ನಮ್ಮ ಎದೆಗೆ ನಾಟಿತು. ಏಕೆ ನಾಟಿತೆಂಬುದನ್ನು ಮುಂದೆ ಹೇಳುತ್ತೇವೆ.

ಇಂಥ ಪತ್ರವನ್ನು ತಿದ್ದಿಸಿಕೊಳ್ಳಲು ಆ ದೇಶದ ಕಾನೂನಿನಲ್ಲಿ ದಾರಿಯಿದೆ. 1944ರ ಶಾಸನದಿಂದ ಬಿಡುಗಡೆಗಳನ್ನು ಪುನರ್ವಿಮರ್ಶಿಸುವ ಮಂಡಳಿಗಳು ಬಂದವು. ಬಿಡುಗಡೆಯಾದ ಹದಿನೈದು ವರ್ಷದೊಳಗೆ ಅವಕ್ಕೆ ಅರ್ಜಿ ಹಾಕಬೇಕು. 1946ರ ಶಾಸನದಿಂದ ಸೇನಾ ದಾಖಲೆಗಳನ್ನು ತಿದ್ದುವ ಮಂಡಳಿಗಳು ಬಂದವು. ಅಲ್ಲಿಯ ಅವಧಿ ತಪ್ಪನ್ನು ಕಂಡುಕೊಂಡ ಮೂರು ವರ್ಷ. ನ್ಯಾಯದ ಹಿತದೃಷ್ಟಿಯಿಂದ ಅದನ್ನು ಮನ್ನಿಸುವ ಅಧಿಕಾರ ಮಂಡಳಿಗೆ ಉಂಟು. ಆದರೆ ದಾರಿಯಿದ್ದ ಮಾತ್ರಕ್ಕೆ ಊರು ಮುಟ್ಟುವುದಿಲ್ಲ. ಯುದ್ಧದ ಆಘಾತದಿಂದ ಮನಸ್ಸಿಗೆ ಆಗುವ ಗಾಯಕ್ಕೆ ಅಮೆರಿಕದ ವೈದ್ಯಶಾಸ್ತ್ರ ಇಂದಿನ ಹೆಸರು ಕೊಟ್ಟು ಪಟ್ಟಿಗೆ ಸೇರಿಸಿದ್ದೇ 1980ರಲ್ಲಿ. ಹೆಸರೇ ಇಲ್ಲದ ರೋಗವನ್ನು 1970ರ ಸೈನಿಕ ಹೇಗೆ ತಾನೇ ರುಜುವಾತು ಮಾಡಿಯಾನು?

2014ರಲ್ಲಿ ರಕ್ಷಣಾ ಕಾರ್ಯದರ್ಶಿ ಚಕ್ ಹೇಗಲ್ ಅವರು, ಇಂಥ ಗಾಯವನ್ನು ಮುಂದಿಟ್ಟು ಬರುವ ವಿಯೆಟ್ನಾಂ ಯೋಧರ ಅರ್ಜಿಗಳನ್ನು ಉದಾರವಾಗಿ ಪರಿಶೀಲಿಸಬೇಕೆಂದು ತಿದ್ದುಪಡಿ ಮಂಡಳಿಗಳಿಗೆ ಆದೇಶಿಸಿದರು. 2017ರ ಇನ್ನೊಂದು ಆದೇಶ ಅದನ್ನು ವಿಶದಗೊಳಿಸಿ ನಾಲ್ಕು ಪ್ರಶ್ನೆಗಳನ್ನು ನಿಯಮಿಸಿತು. ತಪ್ಪನ್ನು ಮನ್ನಿಸಬಹುದಾದ ಸ್ಥಿತಿ ಅಥವಾ ಅನುಭವ ಆತನಿಗೆ ಇತ್ತೇ? ಅದು ಸೇವೆಯ ಅವಧಿಯಲ್ಲಿಯೇ ಉಂಟಾದದ್ದೇ? ಅದು ನಿಜವಾಗಿಯೂ ಆ ತಪ್ಪಿನ ಭಾರವನ್ನು ತಗ್ಗಿಸುತ್ತದೆಯೇ? ಕಡೆಯದಾಗಿ, ತಕ್ಕಡಿಯಲ್ಲಿಟ್ಟರೆ ಅದು ಆ ಬಿಡುಗಡೆಗಿಂತ ಹೆಚ್ಚು ತೂಗುತ್ತದೆಯೇ? ಸೇನೆಯ ಕಡತಗಳಷ್ಟೇ ಅಲ್ಲ, ಮನೆಯವರು, ಗೆಳೆಯರು, ಧರ್ಮಗುರುಗಳು ಬರೆದುಕೊಟ್ಟ ಮಾತೂ ಸಾಕ್ಷ್ಯವಾಗಬಹುದೆಂದು ಆ ಆದೇಶ ಹೇಳುತ್ತದೆ. ಗೌರವಪೂರ್ಣ ಬಿಡುಗಡೆಗೆ ಕಳಂಕವೇ ಇಲ್ಲದ ಸೇವೆ ಬೇಕಾಗಿಲ್ಲವೆಂದೂ ಅದರಲ್ಲಿದೆ.

ಶಿಷ್ಯರು ಅರ್ಜಿಯನ್ನು ಓದಿ ಹೇಳುತ್ತಿದ್ದರು, ವೃದ್ಧರು ತಿದ್ದಿಸುತ್ತಿದ್ದರು. “ಹೇಳದೆ ಹೋದದ್ದು ತಪ್ಪು ಎಂದು ಮೊದಲು ಬರೆಯಿರಿ” ಎಂದು ಎರಡು ಸಲ ಹೇಳಿದರು. ತಪ್ಪನ್ನು ಅಳಿಸಿರೆಂಬುದು ಅವರ ಬೇಡಿಕೆಯಾಗಿರಲಿಲ್ಲ. ಆ ನಾಲ್ಕು ತಿಂಗಳ ಜೊತೆಗೆ ಅದಕ್ಕೂ ಹಿಂದಿನ ಹನ್ನೆರಡು ತಿಂಗಳನ್ನೂ ನೋಡಿರೆಂಬುದೇ ಅವರ ಬೇಡಿಕೆ.

ಅದೇ ನಗರದಲ್ಲಿ ಹಿಂದೆ ಇನ್ನೊಬ್ಬ ಸೈನಿಕರು ಬಾಳಿದ್ದರೆಂದು ಶಿಷ್ಯರು ಹೇಳಿದರು. ಅವರು ಡಾರ್ಸಿ ವಿಲ್ಲಿಸ್. 1906ರ ಆಗಸ್ಟ್ 13ರ ನಡುರಾತ್ರಿ ಟೆಕ್ಸಾಸಿನ ಬ್ರೌನ್ಸ್‌ವಿಲ್ ಪಟ್ಟಣದಲ್ಲಿ ಗುಂಡು ಹಾರಿ ಒಬ್ಬ ಸತ್ತು, ಒಬ್ಬ ಪೊಲೀಸ್ ಅಧಿಕಾರಿ ಗಾಯಗೊಂಡನು. ಪಕ್ಕದ ಕೋಟೆಯಲ್ಲಿದ್ದ 25ನೆಯ ಪದಾತಿದಳದ ಕಪ್ಪುವರ್ಣದ ಸೈನಿಕರ ಮೇಲೆ ಆರೋಪ ಬಂದಿತು. ಯಾರ ಮೇಲೂ ಅಪರಾಧ ಸಿದ್ಧವಾಗಲಿಲ್ಲ. ನ್ಯಾಯಾಲಯದ ವಿಚಾರಣೆಯೂ ನಡೆಯಲಿಲ್ಲ. ಅಪರಾಧಿಗಳ ಹೆಸರನ್ನು ಒಬ್ಬರೂ ಹೇಳಲಿಲ್ಲವೆಂಬ ಕಾರಣದಿಂದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 167 ಜನರನ್ನು ಗೌರವರಹಿತರಾಗಿ ಹೊರದೂಡಿದರು. ಕಾಲು ಶತಮಾನ ದುಡಿದಿದ್ದ ಮಿಂಗೋ ಸ್ಯಾಂಡರ್ಸ್ ಅವರಂಥ ಹಿರಿಯರೂ ಅವರಲ್ಲಿದ್ದರು. ಸೇನೆ ಆ ಎಲ್ಲ ಬಿಡುಗಡೆಗಳನ್ನು ಗೌರವಪೂರ್ಣವೆಂದು ತಿದ್ದಿದ್ದು 1972ರಲ್ಲಿ. ಅಷ್ಟರಲ್ಲಿ ಬಹುತೇಕ ಎಲ್ಲರೂ ಮಣ್ಣಾಗಿದ್ದರು. ಹತ್ತಾರು ವರ್ಷ ಕ್ಷೌರದಂಗಡಿಯೊಂದರಲ್ಲಿ ಪರರ ಬೂಟು ಉಜ್ಜಿ ಬದುಕಿದ್ದ ವಿಲ್ಲಿಸ್ 1973ರಲ್ಲಿ, ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ, ಆ ಪತ್ರವನ್ನು ಕೈಯಾರೆ ಪಡೆದರು. ಬಳಿಕ 25,000 ಡಾಲರ್ ಪರಿಹಾರವೂ ಬಂದಿತು. 1977ರಲ್ಲಿ ಅವರು ತೀರಿಕೊಂಡರು. ಅರವತ್ತಾರು ವರ್ಷಗಳನ್ನು ಮಾತ್ರ ಯಾವ ಖಜಾನೆಯೂ ಹಿಂದಿರುಗಿಸಲಾರದು.

ಅರ್ಜಿ ಮುಗಿದ ಮೇಲೆ ವೃದ್ಧರು ನಮ್ಮ ಕಾವಿಯನ್ನು ನೋಡಿ, ಇವರ ಕೆಲಸವೇನೆಂದು ಕೇಳಿದರು. ಶಾಲೆಗಳನ್ನೂ ನೂರಾರು ಬಡ ಹುಡುಗರ ಪ್ರಸಾದ ನಿಲಯವನ್ನೂ ನಡೆಸುತ್ತಾರೆಂದು ಶಿಷ್ಯರು ಹೆಮ್ಮೆಯಿಂದ ಹೇಳಿದರು. ವೃದ್ಧರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಹುಡುಗರನ್ನು ಹೊರಗೆ ಹಾಕುವವರೂ ಇವರೇ ಏನು?” ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ. ನಾವು ಹೌದೆಂದೆವು. ಆ ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ.

1999ರಲ್ಲಿ, ಪಾಠಶಾಲೆಯ ಸಂಸ್ಕೃತವನ್ನೂ ವಿಶ್ವವಿದ್ಯಾನಿಲಯದ ತತ್ತ್ವಶಾಸ್ತ್ರವನ್ನೂ ಮುಗಿಸಿ ಬಂದಿದ್ದ ನಮಗೆ ನಿಲಯದ ಹೊಣೆ ಹೊಸದು. ಶಿಸ್ತೇ ಶೀಲವೆಂದು ತಿಳಿದಿದ್ದ ಕಾಲ. ಒಬ್ಬ ಹುಡುಗ ಹೇಳದೆ ಕೇಳದೆ ಮೂರು ವಾರ ಕಾಣೆಯಾಗಿ ಮರಳಿದ. ಎಲ್ಲಿದ್ದೆ ಎಂದು ಕೇಳಿದೆವು, ತಲೆ ತಗ್ಗಿಸಿದ. ಅಂದೇ ಹೊರಗೆ ಕಳುಹಿಸಿ, ‘ನಡತೆ: ತೃಪ್ತಿಕರವಲ್ಲ’ ಎಂದು ಪತ್ರದಲ್ಲಿ ಬರೆದೆವು. ಎರಡು ವರ್ಷಗಳ ನಂತರ ಅವನು ಬಂದು ಕೈಮುಗಿದ. “ಕೆಲಸಕ್ಕೆ ಅರ್ಜಿ ಹಾಕಬೇಕು, ಬುದ್ಧಿ. ಆ ಒಂದು ಮಾತು ತಿದ್ದಿಕೊಡಬೇಕು” ಎಂದ. ತಂದೆ ಇಟ್ಟಿಗೆ ಭಟ್ಟಿಯಲ್ಲಿ ಮುಂಗಡ ಪಡೆದು ಕಾಯಿಲೆ ಬಿದ್ದುದನ್ನೂ ಆ ಸಾಲ ತೀರಿಸಲು ತಾನು ಮಣ್ಣು ಹೊತ್ತುದನ್ನೂ ಅಂದು ಹೇಳಿದ. ಮೊದಲೇ ಏಕೆ ಹೇಳಲಿಲ್ಲವೆಂದು ಗದರಿಸಿ, ಬರೆದದ್ದು ಬರೆದಾಯಿತು ಎಂದೆವು. ಅವನು ಮೊದಲೇ ಹೇಳಲಿಲ್ಲ, ನಿಜ. ನಾವು ಮೊದಲೇ ಕೇಳಲಿಲ್ಲವೆಂಬುದೂ ಅಷ್ಟೇ ನಿಜ.

ಯುದ್ಧ ಮಾಡುವುದನ್ನೇ ಕಸುಬಾಗಿಸಿಕೊಂಡ ಸೇನೆಯೊಂದು ನಾಲ್ಕು ಪ್ರಶ್ನೆಗಳನ್ನು ಕೇಳಲು ಕಲಿತಿದೆ. ದಯೆಯನ್ನು ಬೋಧಿಸುವ ನಾವು ಒಂದನ್ನೂ ಕೇಳಿರಲಿಲ್ಲ. ತೀರ್ಪು ಬರೆಯುವವನು ಅದನ್ನು ಮತ್ತೊಮ್ಮೆ ನೋಡುವ ಬಾಗಿಲನ್ನೂ ತೆರೆದಿಡಬೇಕು. ಅದು ಕೇಳಿದವನಿಗೆ ಹಾಕುವ ಭಿಕ್ಷೆಯಲ್ಲ, ಬರೆದವನು ತೀರಿಸಬೇಕಾದ ಋಣ.

ಊರಿಗೆ ಮರಳಿ ಹಳೆಯ ದಾಖಲೆ ಪುಸ್ತಕವನ್ನು ತರಿಸಿದೆವು. ನಮ್ಮ ಅಕ್ಷರ ದುಂಡಗೆ, ನಿಸ್ಸಂಶಯವಾಗಿ ಅಲ್ಲಿತ್ತು. ಅದನ್ನು ಹೊಡೆದುಹಾಕಲಿಲ್ಲ, ನಮ್ಮ ತಪ್ಪೂ ಉಳಿಯಬೇಕು. ಅದರ ಕೆಳಗೆ ಕಾರಣವನ್ನೂ, ವಿಚಾರಿಸದೆ ಬರೆದುದೆಂಬುದನ್ನೂ, ನಡತೆ ಉತ್ತಮವೆಂಬುದನ್ನೂ ಬರೆದು ದಿನಾಂಕದೊಂದಿಗೆ ಸಹಿ ಹಾಕಿದೆವು. ಹಳೆಯ ವಿದ್ಯಾರ್ಥಿಗಳ ಮೂಲಕ ಅವನ ಊರು ಪತ್ತೆಯಾಯಿತು. ಹೊಸ ಪತ್ರವನ್ನು ನಾವೇ ಒಯ್ದೆವು. ಅವನ ಕಿವಿಯ ಬಳಿ ಕೂದಲು ನರೆತಿತ್ತು. ಎರಡೂ ಕೈಯಿಂದ ತೆಗೆದುಕೊಂಡು ಓದಿ, “ಇದು ಆವಾಗ ಬೇಕಿತ್ತು, ಬುದ್ಧಿ” ಎಂದ. ಬೇರೇನೂ ಹೇಳಲಿಲ್ಲ. ನೀರು ಕೊಟ್ಟ, ಕುಡಿದು ಬಂದೆವು.

2020ರಲ್ಲಿ ಶಿಷ್ಯರಿಂದ ಸುದ್ದಿ ಬಂದಿತು. ಮಂಡಳಿ ಆ ವೃದ್ಧರ ಬಿಡುಗಡೆಯನ್ನು ಸಾಮಾನ್ಯ ದರ್ಜೆಗೆ ಏರಿಸಿತ್ತು. ಪೂರ್ಣ ಗೌರವದ್ದನ್ನಾಗಿ ಮಾಡಿರಲಿಲ್ಲ. ಅವರು ತೀರ್ಪಿನ ಪ್ರತಿಯನ್ನು ಮೂರು ಸಲ ಓದಿ, “ಏಕೆ ಹೋದೆ ಎಂಬುದು ಈಗ ಇದರಲ್ಲಿದೆ” ಎಂದರಂತೆ.

ಈಗ ನಮ್ಮ ನಿಲಯದಲ್ಲಿ ಯಾರನ್ನಾದರೂ ಹೊರಗೆ ಕಳುಹಿಸುವ ಮುನ್ನ ಅವನನ್ನೂ ಮನೆಯವರನ್ನೂ ಕೂರಿಸಿ ಕಾರಣ ಕೇಳಿ ಬರೆದುಕೊಳ್ಳುವ ಕಟ್ಟಳೆಯಿದೆ. ಈ ಪತ್ರಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಯಾರ ಪೆಟ್ಟಿಗೆಯಲ್ಲಾದರೂ ನಮ್ಮ ಕೈಬರಹದ ಅಂಥ ಪತ್ರವಿದ್ದರೆ, ಎಷ್ಟು ವರ್ಷಗಳಾಗಿದ್ದರೂ ಸರಿ, ತೆಗೆದುಕೊಂಡು ಬರಲಿ. ಬರಲಾಗದವರು ಒಂದು ಕಾರ್ಡು ಬರೆದರೆ ನಾವೇ ಹೋಗುತ್ತೇವೆ.