ಭೂಪರೀಕ್ಷೆ

ಮನೆ ಕಟ್ಟುವವನು ಮೊದಲು ನೆಲವನ್ನು ಪರೀಕ್ಷಿಸಬೇಕೆಂಬದು ನಮ್ಮಲ್ಲಿ ಹೊಸ ಮಾತಲ್ಲ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಇದಕ್ಕೊಂದು ಸುಲಭವಾದ ಉಪಾಯವನ್ನು ಹೇಳಿರುವನು. ನಿವೇಶನದ ನಡುವೆ ಒಂದು ಮೊಳದ ಕುಣಿಯನ್ನು ತೋಡಿ, ತೆಗೆದ ಮಣ್ಣನ್ನೇ ಮರಳಿ ಅದರಲ್ಲಿ ತುಂಬಬೇಕು. ಮಣ್ಣು ಸಾಲದೆ ಹೋದರೆ ನೆಲವು ಒಳ್ಳೆಯದಲ್ಲ, ಸರಿಯಾದರೆ ಮಧ್ಯಮ, ಮಿಕ್ಕರೆ ಉತ್ತಮ. ಇಲ್ಲವೆ ಕುಣಿಯಲ್ಲಿ ನೀರು ತುಂಬಿ, ನೂರು ಹೆಜ್ಜೆ ಹೋಗಿ ಮರಳಿ ಬಂದು, ನೀರು ಇಳಿಯಿತೋ ಹೇಗೆಂದು ನೋಡಬೇಕು. ಮುಂದಿನ ದಕಾರ್ಗಲ ಪ್ರಕರಣದಲ್ಲಿ ಗಿಡಮರಗಳನ್ನೂ ಹುತ್ತಗಳನ್ನೂ ನೋಡಿ ಭೂಮಿಯೊಳಗಿನ ನೀರಿನ ನೆಲೆಯನ್ನು ತಿಳಿಯುವ ಬಗೆಯುಂಟು. ಶಾಲೆಯಲ್ಲಿ ಸಂಸ್ಕೃತವನ್ನು ಕಲಿಸುತ್ತಿದ್ದಾಗ ಇವನ್ನು ಹುಡುಗರಿಗೆ ವಿನೋದಕ್ಕೆಂದು ಹೇಳುತ್ತಿದ್ದೆನು. ನಿವೃತ್ತನಾಗಿ ಯರಗಟ್ಟಿಯಲ್ಲಿ ನೆಲೆಸಿದ ಮೇಲೆ ಅದೇ ಭೂಪರೀಕ್ಷೆಯು ಸರಕಾರಿ ಕಾಗದದ ರೂಪದಿಂದ ನನ್ನ ಪಡಸಾಲೆಗೆ ಬಂದಿತು.

ಈ ಕಾಗದಗಳ ಹುಟ್ಟನ್ನು ಸಂಕ್ಷೇಪವಾಗಿ ಹೇಳುವೆನು. 1984ರಲ್ಲಿ ಭೋಪಾಳದ ವಿಷವಾಯುವಿನ ಅನಾಹುತವಾದ ಮೇಲೆ 1986ರಲ್ಲಿ ನಮ್ಮ ದೇಶದಲ್ಲಿ ಪರಿಸರ ಸಂರಕ್ಷಣೆಯ ಕಾಯದೆಯು ಬಂದಿತು. ಅದರ ಆಧಾರದಿಂದ 1994ರ ಜನೆವರಿ 27ರಂದು ಒಂದು, ಅದಕ್ಕೆ ಬದಲಾಗಿ 2006ರ ಸಪ್ಟೆಂಬರ 14ರಂದು ಇನ್ನೊಂದು ಅಧಿಸೂಚನೆಯು ಹೊರಟವು. ಗಣಿ, ಆಣೆಕಟ್ಟು, ದೊಡ್ಡ ಕಾರ್ಖಾನೆ ಮೊದಲಾದವನ್ನು ಕೈಗೊಳ್ಳುವವರು ನೆಲ, ನೀರು, ಗಾಳಿಗಳ ಮೇಲೆ ಆಗುವ ಪರಿಣಾಮವನ್ನು ಮೊದಲೇ ಅಳೆದು ವರದಿಯನ್ನು ಸಲ್ಲಿಸಬೇಕು. ಮೂವತ್ತು ದಿನ ಮುಂಚಿತವಾಗಿ ವೃತ್ತಪತ್ರದಲ್ಲಿ ಪ್ರಕಟಿಸಿ ಜನರ ಅಹವಾಲನ್ನು ಕೇಳಬೇಕು. ಬಳಿಕ ತಜ್ಞರು ವಿಚಾರಮಾಡುವರು. ಅನುಮತಿ ದೊರೆತರೆ ಅದು ಕರಾರುಗಳೊಡನೆಯೇ ದೊರೆಯುವದು. ಆ ಕರಾರುಗಳನ್ನು ಪಾಲಿಸಿದ ಬಗೆಗೆ ಪ್ರತಿವರ್ಷ ಜೂನ 1 ಹಾಗೂ ಡಿಸೆಂಬರ 1ರಂದು ವರದಿ ಕೊಡಬೇಕು.

ಕೆಲವು ವರ್ಷಗಳ ಹಿಂದೆ ನೆರೆಯ ಹಳ್ಳಿಯೊಂದರಲ್ಲಿ ಕಾರ್ಖಾನೆಯೊಂದನ್ನು ಹಿಗ್ಗಿಸುವ ವಿಚಾರವು ಹೊರಟಿತು. ಅಲ್ಲಿ ನನ್ನ ತಂಗಿಯ ಮನೆಯವರ ಹೊಲವೂ ಬಾವಿಯೂ ಹಳ್ಳದ ದಂಡೆಗೇ ಇವೆ. ಊರಿನ ಕೆಲವರಿಗೆ ಕಾರ್ಖಾನೆಯಿಂದ ಉದ್ಯೋಗದ ಆಸೆ, ಕೆಲವರಿಗೆ ಬಾವಿಯ ಚಿಂತೆ. ಒಂದೇ ಮನೆಯಲ್ಲಿ ಅಣ್ಣತಮ್ಮಂದಿರ ಮಾತು ನಿಲ್ಲುವಷ್ಟರವರೆಗೆ ಹೋಯಿತು. ಹೀಗಿರಲು ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರು ವರದಿಯ ಸಾರಾಂಶವನ್ನು ತಂದು, “ಗುರುಗಳ್ರೀ, ಕನ್ನಡದಾಗ ಐತ್ರಿ, ಆದ್ರ ನಮಗ ತಿಳೀವಲ್ದು. ನೀವ ಓದಿ ಹೇಳ್ರಿ” ಎಂದರು.

ಅವರು ಹೇಳಿದ್ದು ನಿಜವೇ. ಇಂಗ್ಲಿಷನ್ನು ಪದಪದಕ್ಕೆ ಇಳಿಸಿದ ಆ ಭಾಷೆಯಲ್ಲಿ ಕರ್ತೃವೆಲ್ಲಿ, ಕ್ರಿಯಾಪದವೆಲ್ಲಿ ಎಂದು ಹುಡುಕಿ ಅನ್ವಯಿಸುವದಕ್ಕೆ ನನಗೆ ಎರಡು ಸಂಜೆ ಹಿಡಿದವು. ಆದರೆ ಅನ್ವಯವಾದ ಬಳಿಕ ಒಂದು ಸಂಗತಿ ಕಣ್ಣಿಗೆ ಬಿದ್ದಿತು. ಆ ಸ್ಥಳದಲ್ಲಿ ಹರಿಯುವ ನೀರಿಲ್ಲವೆಂದು ಬರೆದಿದ್ದರು. ಅಳತೆಗಳೆಲ್ಲವೂ ಮಾರ್ಚದಿಂದ ಮೇ ತನಕದವು. ಮಳೆಗಾಲವನ್ನು ಬಿಟ್ಟು ಒಂದೇ ಋತುವಿನ ಅಳತೆಯಿಂದ ವರದಿ ಮಾಡುವ ರೂಢಿಯುಂಟು. ಅದರಲ್ಲಿ ನಿಯಮಭಂಗವೇನೂ ಇಲ್ಲ. ಆದರೆ ನಮ್ಮದು ಎರೆಯ ಸೀಮೆ. ಇಲ್ಲಿಯ ಹಳ್ಳಗಳು ಬೇಸಗೆಯಲ್ಲಿ ಬಂಡಿಯ ದಾರಿಯಂತೆ ಬಿದ್ದಿರುವವು. ಮಳೆ ಹಿಡಿದರೆ ಎತ್ತುಗಳನ್ನೂ ಎಳೆದೊಯ್ಯುವವು. 2019ರ ಆಗಸ್ಟದಲ್ಲಿ ಮಲಪ್ರಭೆಯು ಉಕ್ಕಿ ಮುನವಳ್ಳಿ, ರಾಮದುರ್ಗಗಳಲ್ಲಿ ಮನೆಗಳನ್ನು ಹೊಕ್ಕುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಹವಾಲಿನ ದಿನ ಅನೇಕರು ಮಾತಾಡಿದರು. ಕೂಗಾಟವೂ ಆಯಿತು. ಕಡೆಗೆ ಒಬ್ಬ ಮುದುಕಿಯು ಎದ್ದುನಿಂತು, “ಸಾಹೇಬ್ರ, ಬ್ಯಾಸಿಗ್ಯಾಗ ಬಂದ್ರ ಹಳ್ಳ ಹೆಂಗ ಕಾಣಬೇಕ್ರಿ? ಶ್ರಾವಣದಾಗ ಬಂದು ದಾಟಿ ತೋರಸ್ರಿ” ಎಂದಳು. ಸಭೆಯು ನಕ್ಕಿತು, ಅಧಿಕಾರಿಗಳೂ ನಕ್ಕರು, ಆದರೆ ಬರೆದುಕೊಂಡರು. ಸಭೆಯ ಕೊನೆಗೆ ನಡವಳಿಯನ್ನು ಜನರ ಭಾಷೆಯಲ್ಲಿ ಓದಿ ಹೇಳಬೇಕೆಂಬ ನಿಯಮವಿರುವದರಿಂದ, ಆ ಮಾತು ದಾಖಲೆಗೆ ಸೇರಿತೆಂಬದನ್ನು ನಾವೆಲ್ಲರೂ ಕಿವಿಯಾರೆ ಕೇಳಿದೆವು. ಮುಂದೆ ಅನುಮತಿಯೇನೋ ದೊರೆಯಿತು. ಆದರೆ ಹಳ್ಳದ ಪಾತ್ರವನ್ನು ಮುಚ್ಚಲಾಗದು, ಎರಡೂ ದಂಡೆಗೆ ಗಿಡಗಳನ್ನು ಹಚ್ಚಬೇಕು ಎಂಬ ಕರಾರು ಅದರಲ್ಲಿ ಬಂದಿತು.

ಬಹುಜನರು ಇಲ್ಲಿಗೆ ಕಥೆ ಮುಗಿಯಿತೆಂದು ಮನೆಗೆ ಹೋಗುವರು. ನನ್ನ ಅನುಭವದಲ್ಲಿ ಪರೀಕ್ಷೆಯು ಆರಂಭವಾಗುವದೇ ಇಲ್ಲಿಂದ. ಪಾಲನೆಯ ವರದಿಯು ಗುಪ್ತಪತ್ರವಲ್ಲ. ಯಾರು ಅರ್ಜಿ ಕೊಟ್ಟರೂ ಅದರ ಪ್ರತಿಯನ್ನು ಕೊಡಬೇಕೆಂದು ಅಧಿಸೂಚನೆಯಲ್ಲಿಯೇ ಇದೆ. ನಾನು ಅರ್ಜಿ ಕೊಟ್ಟು ಪ್ರತಿಯನ್ನು ಪಡೆದೆನು. ಪ್ರತಿಯೊಂದು ಕರಾರಿನ ಎದುರಿಗೆ “ಪಾಲಿಸಲಾಗಿದೆ” ಎಂಬ ಒಂದೇ ಉತ್ತರವಿತ್ತು. ಹುಡುಗರ ಉತ್ತರಪತ್ರಿಕೆಗಳನ್ನು ತಿದ್ದಿದವನಿಗೆ, ಎಲ್ಲ ಪ್ರಶ್ನೆಗಳಿಗೂ ಒಂದೇ ಉತ್ತರವನ್ನು ಬರೆದವನ ಮೇಲೆ ಸಂದೇಹ ಬರುವದು ಸಹಜ. ತಂಗಿಯ ಮೊಮ್ಮಗನನ್ನು ಕರೆದುಕೊಂಡು ದಂಡೆಗುಂಟ ನಡೆದು ಸಸಿಗಳನ್ನು ಎಣಿಸಿದೆನು. ಕುಣಿಗಳು ಬಹಳ, ಬದುಕಿದ ಗಿಡಗಳು ಕಡಿಮೆ. ಯಾರನ್ನೂ ಬಯ್ಯದೆ, ಎಣಿಕೆಯನ್ನೂ ದಿನಾಂಕವನ್ನೂ ಕಾಣಿಸಿ ಸಂಬಂಧಪಟ್ಟ ಕಚೇರಿಗೆ ಒಂದು ಪತ್ರವನ್ನು ಬರೆದೆನು. ಎರಡನೆಯ ಪತ್ರಕ್ಕೆ ಉತ್ತರ ಬಂದಿತು. ಮುಂದಿನ ಮಳೆಗೆ ಹೊಸ ಸಸಿಗಳೂ ಬಂದವು. ಎಲ್ಲವೂ ಸರಿಹೋಯಿತೆಂದು ಹೇಳಲಾರೆನು. ಹಳ್ಳವು ಮಾತ್ರ ತನ್ನ ದಾರಿಯಲ್ಲಿಯೇ ಹರಿಯುತ್ತಿದೆ, ತಂಗಿಯ ಬಾವಿಯ ನೀರನ್ನು ಇನ್ನೂ ಕುಡಿಯುತ್ತಿದ್ದಾರೆ.

ಭಾಷೆಯ ಮಾತನ್ನೂ ಇಲ್ಲಿ ಹೇಳಬೇಕು. 2020ರಲ್ಲಿ ಈ ಅಧಿಸೂಚನೆಯನ್ನೇ ಬದಲಿಸುವ ಕರಡನ್ನು ಕೇಂದ್ರಸರಕಾರವು ಇಂಗ್ಲಿಷ, ಹಿಂದಿಗಳಲ್ಲಿ ಮಾತ್ರ ಪ್ರಕಟಿಸಿ ಜನಾಭಿಪ್ರಾಯವನ್ನು ಕೇಳಿತು. ಅದನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲೆಲ್ಲ ಅನುವಾದಿಸಬೇಕೆಂದು ದಿಲ್ಲಿಯ ಉಚ್ಚ ನ್ಯಾಯಾಲಯವು ಆ ವರ್ಷದ ಜೂನ 30ರಂದು ಅಪ್ಪಣೆಮಾಡಿತು. ತಿಳಿಯದ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ಯಾರು ತಾನೆ ಉತ್ತರ ಕೊಟ್ಟಾರು?

ಇನ್ನು ನಮ್ಮ ಊರಿನ ಸಂಗತಿ. ಯರಗಟ್ಟಿಯು ತಾಲೂಕಿನ ಊರಾದ ಮೇಲೆ ರಸ್ತೆಯ ಮಗ್ಗುಲಿನ ಹೊಲಗಳಲ್ಲಿ ನಿವೇಶನಗಳ ಕಲ್ಲುಗಳು ಏಳುತ್ತಿವೆ. ಮೇಲೆ ಹೇಳಿದ ಅಧಿಸೂಚನೆಯು ಇಂಥವಕ್ಕೆ ಮುಟ್ಟುವದಿಲ್ಲ. ಬಡಾವಣೆಯು 50 ಹೆಕ್ಟೇರು, ಎಂದರೆ ಸುಮಾರು 123 ಎಕರೆ, ಇದ್ದರೆ, ಅಥವಾ ಕಟ್ಟಡವು 20,000 ಚದರ ಮೀಟರಿಗೆ ಏರಿದರೆ ಮಾತ್ರ ಅದರ ಪ್ರಸಂಗ ಬರುವದು. ಆಗಲೂ ಜನರ ಅಹವಾಲು ಬೇಕಾಗಿಲ್ಲ. ನಾಲ್ಕೆಂಟು ಎಕರೆಯ ಬಡಾವಣೆಗೆ ಭೂಪರಿವರ್ತನೆಯ ಆದೇಶವೂ ನಕ್ಷೆಯ ಮಂಜೂರಾತಿಯೂ ಇದ್ದರೆ ಸಾಕು. ಹತ್ತು ಬಡಾವಣೆಗಳು ಕೂಡಿ ಒಂದು ಹಳ್ಳವನ್ನು ಮುಚ್ಚಿದರೂ, ಅದರ ಬಗೆಗೆ ಪರಿಣಾಮದ ವರದಿಯೇ ಹುಟ್ಟುವದಿಲ್ಲ.

ಆದುದರಿಂದ ನಿವೇಶನವನ್ನು ಕೊಳ್ಳುವ ಗೃಹಸ್ಥರು ತಾವೇ ಪರೀಕ್ಷಕರಾಗಬೇಕು. ಪರಿವರ್ತನೆಯ ಆದೇಶದಲ್ಲಿ ಬರೆದ ಕರಾರುಗಳನ್ನು ಓದಿಸಿ ಕೇಳಿರಿ. ಗ್ರಾಮನಕ್ಷೆಯಲ್ಲಿ ಹಳ್ಳದ ಗೆರೆಯೆಲ್ಲಿದೆ, ಕೆರೆಯ ಅಂಗಳವೆಲ್ಲಿದೆ ಎಂದು ನೋಡಿರಿ. ಒಂದು ಒಳ್ಳೆಯ ಮಳೆಯಾದ ಮರುದಿನ ಮನೆಯ ಹಿರಿಯ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಆ ನೆಲವನ್ನು ತುಳಿದುಬನ್ನಿರಿ. ನೀರು ಎಲ್ಲಿ ನಿಲ್ಲುವದು, ಎಲ್ಲಿಂದ ಹಾಯುವದು ಎಂಬದು ಅವರ ಕಣ್ಣಿಗೆ ಬೇಗನೆ ಬೀಳುವದು. ಮುಂಗಡದ ಹಣವನ್ನು ಆಮೇಲೆ ಕೊಟ್ಟರಾಯಿತು.