ಕಟ್ಟು ಬಿಚ್ಚಿ ಎಣಿಸು

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ಶಾಲೆಗಳಲ್ಲಿ ಒಂದರಿಂದ ನಾಲ್ಕನೇ ತರಗತಿಯವರೆಗೆ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು ಇರುವುದು ಸಾಮಾನ್ಯವಾಗಿತ್ತು. ಟಿಸಿಎಚ್ ಶಿಕ್ಷಕ ತರಬೇತಿ ಮುಗಿಸಿ ನಾನು ಅಂಥದೇ ಒಂದು ಶಾಲೆಗೆ ಬಂದೆ. ತರಬೇತಿಯಲ್ಲಿ ಕಲಿತ ಪಾಠಯೋಜನೆಗಳೆಲ್ಲ ಒಂದು ತರಗತಿಗೆ ಒಬ್ಬ ಶಿಕ್ಷಕರಿರುತ್ತಾರೆಂದು ನಂಬಿ ಬರೆದವು. ನಾಲ್ಕೂ ತರಗತಿ ಎದುರಿಗೇ ಕೂತಾಗ ಏನು ಮಾಡಬೇಕೆಂಬುದು ಸುತ್ತಲಿನ ಊರುಗಳ ಹಿರಿಯ ಮೇಷ್ಟ್ರುಗಳಿಗೆ ಗೊತ್ತಿತ್ತು. ಅವರು ಸಿಗುತ್ತಿದ್ದದ್ದು ಸಂಬಳದ ದಿನ.

ಆ ದಿನ ಕೇಂದ್ರ ಶಾಲೆಯ ಜಗಲಿಯಲ್ಲಿ ನಡೆಯುತ್ತಿದ್ದ ಮಾತೇ ನಮ್ಮ ತರಬೇತಿ. "ಏನಮ್ಮ, ಬೋರ್ಡು ಬೆಳ್ಳಗಾಗಿದೆಯಾ? ಇದ್ದಿಲು, ತೊಂಡೆಸೊಪ್ಪು ಸೇರಿಸಿ ಅರೆದು ಶನಿವಾರ ಮಧ್ಯಾಹ್ನ ಬಳಿಸಿ, ಸೋಮವಾರಕ್ಕೆ ಒಣಗಿರುತ್ತೆ" ಎನ್ನುತ್ತಿದ್ದರು ಒಬ್ಬರು. ಇನ್ನೊಬ್ಬರ ಅಂಗಿಯ ಜೇಬಿನಲ್ಲಿ ಸದಾ ಐದು ಹುಣಸೆ ಬೀಜ ಇರುತ್ತಿದ್ದವು. ಚೌಕಾಬಾರಕ್ಕೆ ಉಜ್ಜುವ ಹಾಗೆ ಒಂದು ಮಗ್ಗುಲು ಬೆಳ್ಳಗೆ ಉಜ್ಜಿದವು. ಮಗು ಅವನ್ನು ನೆಲಕ್ಕೆ ಎಸೆಯುತ್ತದೆ: ಮೂರು ಬಿಳಿ, ಎರಡು ಕಪ್ಪು. ಮತ್ತೆ ಎಸೆದರೆ ನಾಲ್ಕು, ಒಂದು. ಯಾರೂ ಹೇಳಿಕೊಡದೆ ಐದರ ಕೂಡಿಕೆಗಳೆಲ್ಲ ಮಗುವಿನ ಕಣ್ಣಿಗೆ ಬೀಳುತ್ತವೆ. ಐದೂ ಕಪ್ಪು ಬಿದ್ದ ದಿನ ಸೊನ್ನೆಯೂ ಬರುತ್ತದೆ. ಒಂದನೇ ತರಗತಿಗೆ ಇದಕ್ಕಿಂತ ಒಳ್ಳೆಯ ಗಣಿತದ ಸಾಮಾನನ್ನು ನಾನು ಈವರೆಗೂ ನೋಡಿಲ್ಲ.

ಕಳೆಯುವ ಲೆಕ್ಕವನ್ನು ನಾನು ಕಲಿತದ್ದು ಆ ಮೇಷ್ಟ್ರ ಶಾಲೆಯಲ್ಲೇ ಕೂತು. ತೆಂಗಿನ ಗರಿಯ ಕಡ್ಡಿಗಳನ್ನು ಹತ್ತತ್ತು ಸೇರಿಸಿ, ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಳೆ ಹಾಕಿದ್ದರು. 42ರಲ್ಲಿ 17 ಕಳೆಯಬೇಕು. ಒಬ್ಬ ಹುಡುಗಿಯ ಮುಂದೆ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ. ಏಳು ಕೊಡು ಎಂದರು. ಅವಳು ಎರಡು ಕೊಟ್ಟು ಸುಮ್ಮನೆ ಕೂತಳು. ಮೇಷ್ಟ್ರೂ ಸುಮ್ಮನೆ ಕೂತರು. ಬಹಳ ಹೊತ್ತಾದ ಮೇಲೆ ಅವಳೇ ಒಂದು ಕಟ್ಟಿನ ರಬ್ಬರ್ ಎಳೆದಳು. ಮೇಷ್ಟ್ರು ಸೀಮೆಸುಣ್ಣ ಕೈಗೆತ್ತಿಕೊಂಡದ್ದು ಆಮೇಲೆ. ಕಡ್ಡಿ ಕಟ್ಟಿನ ವಿಷಯವನ್ನು ಯಾರು ಬೇಕಾದರೂ ಬಾಯಲ್ಲಿ ಹೇಳಬಹುದಿತ್ತು. ಮಗು ಯೋಚಿಸುವಾಗ ದೊಡ್ಡವರು ಎಷ್ಟು ಹೊತ್ತು ತಡೆದುಕೊಳ್ಳಬೇಕೆಂಬುದನ್ನು ಅಲ್ಲಿದ್ದೇ ನೋಡಬೇಕಿತ್ತು.

1995ರಲ್ಲಿ ನಮ್ಮ ತಾಲ್ಲೂಕಿಗೆ ನಲಿಕಲಿ ಎಂಬ ಕಲಿಕಾ ಪದ್ಧತಿ ಬಂತು. ಯುನಿಸೆಫ್ ನೆರವಿನಿಂದ ಇಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಸಣ್ಣ ಶಾಲೆಗಳಲ್ಲಿ ಬೇರೆಬೇರೆ ವಯಸ್ಸಿನ ಮಕ್ಕಳು ಕಾರ್ಡು ಹಿಡಿದು ತಮ್ಮ ಪಾಡಿಗೆ ಕಲಿಯುವುದನ್ನು ನೋಡಿ ಬಂದರು. ಬಂದವರು ಕಾರ್ಡುಗಳನ್ನು ತಾವೇ ಬರೆದರು. ಮೇಷ್ಟ್ರುಗಳ ಜೇಬಿನಲ್ಲಿದ್ದ ಉಪಾಯಗಳಿಗೆ ಮೊದಲ ಸಲ ಒಂದು ಕ್ರಮ ಸಿಕ್ಕಿತು: ಕಲಿಕಾ ಏಣಿ, ಮೈಲಿಗಲ್ಲು, ಶಿಕ್ಷಕರ ನೆರವು ಬೇಕಾದವರ ಗುಂಪಿಗೆ ಒಂದು ತಟ್ಟೆ, ತಾವೇ ಕಲಿಯುವವರಿಗೆ ಇನ್ನೊಂದು, ಮಕ್ಕಳ ಕೈಗೆಟುಕುವ ಎತ್ತರದ ಕಪ್ಪು ಹಲಗೆ, ಅವರು ಬರೆದದ್ದನ್ನು ತೂಗುಹಾಕಲು ತಲೆಯ ಮೇಲೆ ದಾರದ ಚಪ್ಪರ.

ಅಕ್ಷರಮಾಲೆಯ ಕ್ರಮ ಬಿಟ್ಟು 'ರ ಗ ಸ ದ ಅ' ಎಂದು ಶುರುಮಾಡಿದಾಗ ಊರಿನ ಹಿರಿಯರು ಬೇಸರಪಟ್ಟರು. ಅ ಆ ಇ ಈ ಹೇಳದ ಶಾಲೆ ಎಂಥ ಶಾಲೆ ಎಂದು ಕೇಳಿದರು. ಆದರೆ ಆ ಐದು ಅಕ್ಷರ ಕೈಗೆ ಬಂದ ಕೂಡಲೇ ಮಗು ಸರ, ರಸ, ಅರಸ, ಅಗಸ, ಗರಗಸ ಎಂದು ಓದತೊಡಗುತ್ತದೆ. ಹಳೆಯ ಕ್ರಮದಲ್ಲಿ ಸ್ವರಗಳನ್ನೆಲ್ಲ ಮುಗಿಸಿ, ವ್ಯಂಜನ ದಾಟಿ, ಒಂದು ಮಾತು ಓದುವಷ್ಟರಲ್ಲಿ ತಿಂಗಳುಗಳೇ ಕಳೆಯುತ್ತಿದ್ದವು. ಆ ನಡುವೆ ಎಷ್ಟು ಮಕ್ಕಳು ಶಾಲೆ ಬಿಟ್ಟು ದನ ಕಾಯಲು ಹೋದರೆಂಬುದು ನಮಗೆಲ್ಲ ಗೊತ್ತಿತ್ತು. ಹಾಡಿಯಿಂದ ಬರುತ್ತಿದ್ದ ಜೇನುಕುರುಬ ಮಕ್ಕಳ ವಿಷಯದಲ್ಲಂತೂ ಈ ಕ್ರಮ ನನ್ನ ಮನಸ್ಸನ್ನೇ ಗೆದ್ದಿತು. ದೊಡ್ಡವರ ಎದುರು ಬಾಯಿ ಬಿಡದವರು ಕಾರ್ಡು ಹಿಡಿದು ಪಕ್ಕದವರಿಗೆ ಓದಿ ಹೇಳುತ್ತಿದ್ದರು.

2009-10ರಲ್ಲಿ ನಲಿಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹೋಯಿತು. ನಮ್ಮವರ ಕೈಬರಹದಲ್ಲಿ ಹುಟ್ಟಿದ್ದು ಅಚ್ಚಾಗಿ ಹೋದದ್ದಕ್ಕೆ ಹೆಮ್ಮೆ ಇದೆ. ಬೇಸರವೂ ಇದೆ. ಬರೆದವರಿಗೆ ಪ್ರತಿ ಕಾರ್ಡಿನ ಹಿಂದಿನ ಕಾರಣ ಗೊತ್ತಿತ್ತು, ಕೆಲಸಕ್ಕೆ ಬಾರದ್ದನ್ನು ಕಿತ್ತು ಬೇರೆ ಬರೆಯುತ್ತಿದ್ದರು. ಅಚ್ಚಾದ ಕಾರ್ಡು ತಲುಪಿದವರಿಗೆ ಆ ಸಲಿಗೆ ಸಿಗಲಿಲ್ಲ.

ಸಲಿಗೆ ಉಳಿದಿದ್ದದ್ದು ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ. ಒಳ್ಳೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಇದ್ದಲ್ಲಿ ಸುತ್ತೋಲೆ ಓದುವುದು ಬೇಗ ಮುಗಿದು ಮಾದರಿ ಪಾಠ ಶುರುವಾಗುತ್ತಿತ್ತು, ಅದೂ ನಿಜವಾದ ಮಕ್ಕಳ ಎದುರು. ಅರ್ಕಾವತ್ತನ್ನು ಒಬ್ಬ ಟೀಚರ್ ಕಲಿಸಿದ್ದು ಅಂಥ ಒಂದು ಸಭೆಯಲ್ಲಿ. 'ಸೂರ್ಯ' ಎನ್ನುವಾಗ 'ಯ'ಗಿಂತ ಮೊದಲು 'ರ್' ಕೇಳುತ್ತದೆ, ಬರೆಯುವಾಗ ಕೊನೆಗೆ ಬರುತ್ತದೆ. ಮಕ್ಕಳು ಎಡವುವುದು ಇಲ್ಲೇ. ಅವರು ಮೂವರು ಮಕ್ಕಳನ್ನು ನಿಲ್ಲಿಸಿ ಒಬ್ಬೊಬ್ಬರಿಗೆ ಸೂ, ರ್, ಯ ಎಂದು ಕೊಟ್ಟು ಹೇಳಿಸಿದರು. ಆಮೇಲೆ 'ರ್' ಆದ ಹುಡುಗನನ್ನು ನಡುವಿನಿಂದ ಕೊನೆಗೆ ನಡೆಸಿದರು. "ಹೇಳುವಾಗ ನಡುವೆ, ಬರೆಯುವಾಗ ಬಾಲ" ಎಂದು ತರಗತಿಯೆಲ್ಲ ಕೂಗಿತು. ಹಿಂದಿನ ಬೆಂಚಿನಲ್ಲಿದ್ದ ನಾವೆಲ್ಲ ನೋಟ್‌ಬುಕ್ ತೆಗೆದೆವು.

ಸ್ಮಾರ್ಟ್‌ಫೋನ್ ಬಂದ ಮೇಲೆ ಉಪಾಯಗಳಿಗೆ ಬರವಿಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ತೆರೆದರೆ ದೀಕ್ಷಾ ಜಾಲತಾಣದಲ್ಲಿ ವಿಡಿಯೊ ಸಿಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಣ್ಣದ ಕಾಗದದ ಚಾರ್ಟು, ಥರ್ಮಾಕೋಲಿನ ಸೌರಮಂಡಲ ದಿನಕ್ಕೊಂದು ಬರುತ್ತದೆ. ಅವುಗಳಲ್ಲಿ ಬಹಳಷ್ಟರಲ್ಲಿ ಮಗುವೇ ಇಲ್ಲ ಎನ್ನುವುದು ನನ್ನ ದೂರು. ಗೋಡೆ ಚೆಂದ ಕಾಣುತ್ತದೆ, ಆದರೆ ಅದರ ಎದುರು ಕೂತ ಮಗು ಏನು ಹೇಳಿತು, ಎಲ್ಲಿ ತಡವರಿಸಿತು ಎಂಬುದು ಚಿತ್ರದ ಜೊತೆ ಬರುವುದಿಲ್ಲ.

ಕೊರೊನಾ ಕಾಲದಲ್ಲಿ, 2020ರ ಆಗಸ್ಟ್‌ನಲ್ಲಿ, ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ವಿದ್ಯಾಗಮ ಯೋಜನೆ ಶುರುವಾದಾಗ ಶಿಕ್ಷಕರು ಮರದಡಿಗೆ, ದೇವಸ್ಥಾನದ ಜಗಲಿಗೆ ಹೋದರು. ಚಾರ್ಟು ಇಲ್ಲ, ಬೋರ್ಡು ಇಲ್ಲ. ಕೆಲವೇ ವಾರಗಳಲ್ಲಿ ಕಡ್ಡಿ ಕಟ್ಟು, ಬೀಜ, ನೆಲದ ಮೇಲಿನ ಅಂಕಿಮನೆ ಎಲ್ಲವೂ ಎಳೆಯ ಶಿಕ್ಷಕರ ಕೈಯಲ್ಲಿ ಕಾಣಿಸಿಕೊಂಡವು. ರಬ್ಬರ್ ಬಳೆ ಎಲ್ಲಿ ಸಿಗುತ್ತದೆಂದು ಒಬ್ಬರು ನನಗೆ ಫೋನ್ ಮಾಡಿ ಕೇಳಿದರು. ಪಂಕ್ಚರ್ ಅಂಗಡಿಗೆ ಕಳಿಸಿದೆ.

ಈಚೆಗೆ ನಮ್ಮ ಕ್ಲಸ್ಟರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಹೊಸದಾಗಿ ಸೇರಿದ ಟೀಚರ್ ಒಬ್ಬಳು ಒಂದು ಸ್ಲೇಟಿನ ಚಿತ್ರ ಹಾಕಿದಳು. ಮುನ್ನೂರ ಐದು ಬರೆಯೆಂದರೆ ಮಗು 3005 ಎಂದು ಬರೆದಿತ್ತು. ಏನು ಮಾಡಲಿ ಎಂದು ಕೇಳಿದ್ದಳು. 300ರ ಕಾರ್ಡಿನ ಮೇಲೆ 5ರ ಕಾರ್ಡನ್ನು ಬಲ ಅಂಚಿಗೆ ಸರಿಯಾಗಿ ಇಡಿಸಿ ಎಂದರು ಒಬ್ಬರು. ಬರೆದದ್ದನ್ನು ಮಗುವಿನಿಂದಲೇ ಓದಿಸಿ ನೋಡಿದಿರಾ ಎಂದು ಇನ್ನೊಬ್ಬರು ಕೇಳಿದರು. ಮರುದಿನ ಸಂಜೆ ಅವಳು ಬರೆದಳು: 305 ಸರಿಹೋಯಿತು, ಸಾವಿರದ ನಲವತ್ತು ಮಾತ್ರ ಇನ್ನೂ 100040 ಆಗುತ್ತಿದೆ. ಅದಕ್ಕೆ ಬಂದ ಉತ್ತರಗಳು ಮೊದಲಿಗಿಂತ ಹೆಚ್ಚು. ಹೆಚ್ಚಿನವರು ತಮ್ಮ ತರಗತಿಯ ಸ್ಲೇಟುಗಳ ಚಿತ್ರವನ್ನೂ ಜೊತೆಗೆ ಕಳಿಸಿದ್ದರು.