ಅರಗು, ಅಗಸೆ ಎಣ್ಣೆ ಮತ್ತು ಎರಡು ಕುರ್ಚಿಗಳು

ನಮ್ಮ ಹಿತ್ತಿಲಿನ ಹಲಸಿನ ಮರ ಮೂರು ಮಳೆಗಾಲಗಳ ಹಿಂದೆ ಗಾಳಿಗೆ ಬುಡಸಹಿತ ಉರುಳಿತು. ಅದು ನನ್ನ ತಂದೆ ನೆಟ್ಟ ಮರ. ಮಾರುವುದಕ್ಕೆ ತಾಯಿಯವರು ಒಪ್ಪಲಿಲ್ಲ. ದಿಮ್ಮಿಯನ್ನು ಹಲಗೆಗಳಾಗಿ ಕೊಯ್ಯಿಸಿ, ಎರಡು ವರ್ಷ ನೆರಳಿನಲ್ಲಿ ಒಣಗಿಸಿದೆವು. ಕಳೆದ ಮಾಘಮಾಸದಲ್ಲಿ ನಮ್ಮೂರಿನ ಆಚಾರಿಯವರು ಅದರಿಂದ ಎರಡು ಕುರ್ಚಿಗಳನ್ನು ಮಾಡಿಕೊಟ್ಟರು: ಒಂದು 82 ವರ್ಷದ ತಾಯಿಯವರಿಗೆ, ಇನ್ನೊಂದು ನನ್ನ ಓದುವ ಕೋಣೆಗೆ. ಮೊಳೆ ಹೊಡೆಯದೆ ಮರಕ್ಕೆ ಮರವನ್ನೇ ಕೂಡಿಸಿದ ಕೆಲಸ. ಉಜ್ಜುಕಾಗದ ಹಾಕಿ ನಯಗೊಳಿಸಿದ ಮೇಲೆ ಅವರು ಕೇಳಿದರು: "ಮಾಷ್ಟ್ರೇ, ಇದಕ್ಕೆ ಇನ್ನು ಪೇಂಟಾ, ಪಾಲಿಷಾ, ಎಣ್ಣೆಯಾ? ನೀವೇ ಹೇಳಬೇಕು."

ಮೂವತ್ತು ವರ್ಷಗಳಿಂದ ಪಾಠ ಹೇಳುತ್ತಿರುವ ನನಗೆ ಈ ಪ್ರಶ್ನೆಗೆ ಉತ್ತರ ಕೂಡಲೇ ಹೊಳೆಯಲಿಲ್ಲ.

ಪೇಂಟನ್ನು ಕೈಬಿಡುವುದು ಸುಲಭವಾಯಿತು. 'ವರ್ಣ'ದ ತದ್ಭವವೇ 'ಬಣ್ಣ'. 'ಬಣ್ಣಿಸು' ಎಂಬ ಕ್ರಿಯಾಪದವೂ ಅದೇ ಮೂಲದ್ದು. ಆದರೆ ಹಲಸಿನ ತಿರುಳಿಗೆ ಬೇರೆ ಬಣ್ಣನೆ ಬೇಕಿಲ್ಲ. ಹೊಸದಾಗಿ ಕೊಯ್ದಾಗ ಅರಿಸಿನದ ಹಳದಿ. ಬೆಳಕು ತಾಗಿದಂತೆ ವರ್ಷಗಳಲ್ಲಿ ಅದು ಕಂದುಗೆಂಪಿಗೆ ತಿರುಗುತ್ತದೆ. ಆಗ್ನೇಯ ಏಷ್ಯಾದ ಬೌದ್ಧ ಭಿಕ್ಷುಗಳ ಚೀವರಗಳಿಗೆ ಬಣ್ಣ ಕೊಟ್ಟದ್ದು ಇದೇ ಮರದ ಚಕ್ಕೆ. ಎನಾಮಲ್ ಪೇಂಟು ಮಳೆ ಬಿಸಿಲುಗಳಿಂದ ಮರವನ್ನು ಚೆನ್ನಾಗಿ ಕಾಯುತ್ತದೆ, ನಿಜ. ಆದರೆ ಮರವನ್ನೇ ಮರೆಮಾಡುತ್ತದೆ.

ಆಚಾರಿಯವರ ಮನಸ್ಸು ಇದ್ದುದು ಫ್ರೆಂಚ್ ಪಾಲಿಷಿನ ಮೇಲೆ. ಅರಗಿನ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯನ್ನು ಬಟ್ಟೆಯಲ್ಲಿ ಸುತ್ತಿದ ಉಂಡೆಯಿಂದ ಪದರ ಪದರವಾಗಿ ತಿಕ್ಕುವ ವಿಧಾನ ಅದು. ಬೇಗ ಒಣಗುತ್ತದೆ, ಹೊಳಪು ಆಳವಾಗಿರುತ್ತದೆ, ಹಾಳಾದರೆ ಅದರ ಮೇಲೆಯೇ ಮತ್ತೆ ತಿಕ್ಕಬಹುದು. ಬಿಸಿ ಲೋಟ ಇಟ್ಟರೆ ಬಿಳಿಯ ಬಳೆ ಮೂಡುವುದೊಂದೇ ಅದರ ದೊಡ್ಡ ಕುಂದು.

ಅರಗಿಗೂ ಕನ್ನಡನಾಡಿಗೂ ಹಳೆಯ ನಂಟು. ಚನ್ನಪಟ್ಟಣದ ಬೊಂಬೆಗಳ ಬಣ್ಣವೆಲ್ಲ ತಿರುಗುವ ಮರಕ್ಕೆ ಒತ್ತಿ ಹಿಡಿದ ಅರಗಿನ ಕಡ್ಡಿಯದು; ಅದಕ್ಕೆ ಕೊನೆಯ ಹೊಳಪು ಕೇದಗೆಯ ಗರಿಯಿಂದ. ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ತಯಾರಿಸುವ ಮೈಸೂರಿನ ಕಾರ್ಖಾನೆ 1937ರಲ್ಲಿ ಆರಂಭವಾದದ್ದು 'ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್' ಎಂಬ ಹೆಸರಿನಲ್ಲಿ.

ಇದನ್ನೆಲ್ಲ ನಾನು ಉತ್ಸಾಹದಿಂದ ತಾಯಿಯವರಿಗೆ ವಿವರಿಸುತ್ತಿದ್ದೆ. ಅವರು ಕೇಳಿದ್ದು ಒಂದೇ ಮಾತು: "ಅರಗು ಎಲ್ಲಿಂದ ಬರುತ್ತದೆ ಮಗಾ?"

ಹೇಳಲೇಬೇಕಾಯಿತು. ಮುತ್ತುಗ, ಬೋರೆಯಂಥ ಮರಗಳ ಕೊಂಬೆಗಳಿಗೆ ಅಂಟಿ ರಸ ಹೀರುವ ಸಣ್ಣ ಕೀಟಗಳು ತಮ್ಮ ಮೈಸುತ್ತ ಸ್ರವಿಸಿಕೊಳ್ಳುವ ಗೂಡೇ ಅರಗು. ಕೊಂಬೆಯಿಂದ ಅದನ್ನು ಕೆರೆದು, ಪುಡಿಮಾಡಿ, ತೊಳೆದು, ಕಾಯಿಸುವಾಗ ಅದರೊಳಗೆ ಉಳಿದ ಜೀವಿಗಳು ಬದುಕುವುದಿಲ್ಲ. ಅವು ಗುಂಪುಗುಂಪಾಗಿ ಲಕ್ಷಗಟ್ಟಲೆ ಇರುವುದರಿಂದಲೇ 'ಲಾಕ್ಷಾ' ಎಂಬ ಹೆಸರು ಬಂತೆಂದು ಹೇಳುವುದುಂಟು.

"ಹಾಗಾದರೆ ನನ್ನ ಕುರ್ಚಿಗೆ ಅದು ಬೇಡ," ಎಂದರು.

ನನ್ನೊಳಗಿನ ಅಧ್ಯಾಪಕ ಸುಮ್ಮನಿರಲಿಲ್ಲ. 12ನೆಯ ಶತಮಾನದ ಶ್ವೇತಾಂಬರ ಆಚಾರ್ಯ ಹೇಮಚಂದ್ರನ 'ಯೋಗಶಾಸ್ತ್ರ'ದಲ್ಲಿ ಶ್ರಾವಕನು ಬಿಡಬೇಕಾದ 15 ಕರ್ಮಾದಾನಗಳ ಎಣಿಕೆಯಿದೆ. ದಂತವಾಣಿಜ್ಯ, ವಿಷವಾಣಿಜ್ಯಗಳೊಂದಿಗೆ ಲಾಕ್ಷಾವಾಣಿಜ್ಯವೂ ಅಲ್ಲಿ ಸೇರಿದೆ. 13ನೆಯ ಶತಮಾನದ ದಿಗಂಬರ ಪಂಡಿತ ಆಶಾಧರನೂ 'ಸಾಗಾರಧರ್ಮಾಮೃತ'ದಲ್ಲಿ ಇದನ್ನು ಹೇಳುತ್ತಾನೆ. "ಆದರೆ ಅಮ್ಮ, ನಿಷೇಧ ಇರುವುದು ವಾಣಿಜ್ಯಕ್ಕೆ. ಬಳಕೆಯ ಮಾತು ಆ ಪಟ್ಟಿಯಲ್ಲಿಲ್ಲ," ಎಂದೆ.

"ಕೊಳ್ಳುವವನಿಲ್ಲದೆ ವಾಣಿಜ್ಯ ಉಂಟಾ?"

ಆ ಪದವನ್ನು ಎಷ್ಟೋ ಸಲ ತರಗತಿಯಲ್ಲಿ ಬಿಡಿಸಿ ಹೇಳಿದವನು ನಾನು. ಈ ಪ್ರಶ್ನೆ ಮಾತ್ರ ನನಗೆ ಹೊಳೆದಿರಲಿಲ್ಲ.

ಅಷ್ಟರಲ್ಲಿ ನನಗೆ ಇನ್ನೊಂದು ಶಂಕೆ ಹುಟ್ಟಿತು. ತಾಯಿಯವರು ನಿತ್ಯ ಸ್ವಾಧ್ಯಾಯಕ್ಕೆ ಪುಸ್ತಕ ಇಟ್ಟುಕೊಳ್ಳುವ ಮರದ ಪೀಠದ ಹೊಳಪು ಯಾವುದರದು? ಆಚಾರಿಯವರು ಅದರ ಅಡಿಭಾಗಕ್ಕೆ ಒಂದು ತೊಟ್ಟು ಸ್ಪಿರಿಟ್ ಹಚ್ಚಿ ಬೆರಳಿಟ್ಟರು. ಅಂಟಿತು. ಅರಗೇ. ಐವತ್ತು ವರ್ಷಗಳಿಂದ ಶಾಸ್ತ್ರ ಕುಳಿತದ್ದು ಅದರ ಮೇಲೆ. ಹೇಳುವುದೋ ಬಿಡುವುದೋ ಎಂದು ಎರಡು ದಿನ ತಡೆದು, ಕೊನೆಗೆ ಹೇಳಿದೆ. ಅವರು ಪೀಠವನ್ನು ಸ್ವಲ್ಪ ಹೊತ್ತು ನೋಡಿದರು. "ತಿಳಿಯದೆ ಆದದ್ದು. ಅದನ್ನು ಎಸೆದರೆ ಆ ಜೀವಗಳು ಬರುತ್ತವೆಯಾ? ಅದು ಇರಲಿ. ಹೊಸದಕ್ಕೆ ಮಾತ್ರ ಬೇಡ."

ಹಾಗೆ ಉಳಿದದ್ದು ಎಣ್ಣೆ. ಆದರೆ ಎಲ್ಲ ಎಣ್ಣೆಯೂ ಮರಕ್ಕೆ ಆಗುವುದಿಲ್ಲ. ತೆಂಗಿನೆಣ್ಣೆ ಒಣಗದೆ ಜಿಡ್ಡಾಗಿಯೇ ಉಳಿಯುತ್ತದೆ. ನಮ್ಮ ಕಡೆ ಗೆದ್ದಲು ಬಾರದಂತೆ ಪಕಾಸಿಗಳಿಗೆ ಬಳಿಯುವ ಗೇರೆಣ್ಣೆ ಚರ್ಮವನ್ನು ಸುಡುವಂಥದು. ಕೂರುವ ಪೀಠಕ್ಕೆ ಸಲ್ಲದು. ಅಗಸೆ ಎಣ್ಣೆಯ ಗುಣ ಬೇರೆ. ಉತ್ತರ ಕರ್ನಾಟಕದಲ್ಲಿ ಚಟ್ನಿಪುಡಿಯಾಗುವ ಅದೇ ಅಗಸೆಯ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ, ಮರದ ಎಳೆಗಳೊಳಗೇ ಗಟ್ಟಿಯಾಗುತ್ತದೆ. ಸಂಶೋಧನೆಯ ದಿನಗಳಲ್ಲಿ ನಾನು ಕಂಡದ್ದು ಇದಕ್ಕೆ ವಿರುದ್ಧವಾದ ಎಣ್ಣೆ: ತಾಳೆಗರಿಗಳಿಗೆ ಸವರುವ ಮಜ್ಜಿಗೆಹುಲ್ಲಿನ ಎಣ್ಣೆ. ಅದು ಗರಿಯನ್ನು ಮೆದುವಾಗಿಸಿ, ಹುಳುಗಳನ್ನು ದೂರವಿಟ್ಟು, ಆರಿಹೋಗಬೇಕು. ಗರಿಗೆ ಹಚ್ಚಿದ್ದು ಗಟ್ಟಿಯಾದರೆ ಗ್ರಂಥ ಕೆಡುತ್ತದೆ. ಕುರ್ಚಿಗೆ ಹಚ್ಚಿದ್ದು ಗಟ್ಟಿಯಾಗದಿದ್ದರೆ ಬಟ್ಟೆ ಕೆಡುತ್ತದೆ.

ಮೊದಲ ಲೇಪಕ್ಕೆ ಟರ್ಪೆಂಟೈನ್ ಬೆರೆಸಿ ತೆಳುಮಾಡಿದೆವು. ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟು, ಮರ ಕುಡಿಯದೆ ಉಳಿದದ್ದನ್ನೆಲ್ಲ ಬಟ್ಟೆಯಿಂದ ಒರೆಸಬೇಕು, ಒರೆಸದಿದ್ದರೆ ಅಂಟು. ಮೂರು ದಿನ ಬಿಟ್ಟು ಮತ್ತೊಂದು ಲೇಪ. ಹೀಗೆ ನಾಲ್ಕು. ಮೇಲೆ ಜೇನುಮೇಣ ಹಚ್ಚೋಣವೆಂದ ಆಚಾರಿಯವರು ತಾಯಿಯವರ ಮುಖ ನೋಡಿ ತಾವೇ ನಕ್ಕು ಸುಮ್ಮನಾದರು.

ಎರಡನೆಯ ಲೇಪದ ಸಂಜೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಜಗಲಿಯ ಮೂಲೆಯ ತರಗೆಲೆಯ ಬುಟ್ಟಿಗೆ ಹಾಕಿದ್ದೆ. ಹರಡಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ನೆನೆಸಿಡಬೇಕು ಎಂದು ಆಚಾರಿಯವರು ಹೇಳಿದ್ದರು, ಮರೆತೆ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಆ ಶಾಖಕ್ಕೆ ದಾರಿಯಿಲ್ಲದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ರಾತ್ರಿ ಕಮಟು ವಾಸನೆಗೆ ಎದ್ದು ಹೋಗಿ ಬಟ್ಟೆಯನ್ನು ಎತ್ತಿದರೆ ಕೈ ಸುಡುವಷ್ಟು ಬಿಸಿ, ನಡುಭಾಗ ಕಂದಿತ್ತು. ಬಾವಿಕಟ್ಟೆಗೆ ಓಡಿ ನೀರು ಸುರಿದೆ. ಬುಟ್ಟಿಯ ತರಗೆಲೆಗಳಲ್ಲಿ ಇರುವೆಗಳು ಹರಿದಾಡುತ್ತಿದ್ದವು. ಹತ್ತು ಹೆಜ್ಜೆಯಾಚೆ ತಾಯಿಯವರು ಮಲಗಿದ್ದರು.

ಪಂಪನ 'ವಿಕ್ರಮಾರ್ಜುನ ವಿಜಯ'ದ ಅರಗಿನ ಮನೆಯ ಪ್ರಸಂಗವನ್ನು ಪ್ರತಿವರ್ಷ ಪಾಠ ಮಾಡುವ ನನ್ನ ಮನೆಯಲ್ಲಿ, ಅರಗನ್ನು ಹೊರಗಿಟ್ಟ ಮೇಲೂ ಬೆಂಕಿ ಹುಟ್ಟಲಿದ್ದದ್ದು ನನ್ನ ಮರೆವಿನಿಂದ. 'ತತ್ತ್ವಾರ್ಥಸೂತ್ರ' ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಡುತ್ತದೆ. ಒಳ್ಳೆಯ ವಸ್ತುವನ್ನು ಆರಿಸಿಕೊಂಡ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲವೆಂಬುದು ಆ ಸೂತ್ರದಲ್ಲಿ ಇದ್ದೇ ಇತ್ತು.

ಬೆಳಗ್ಗೆ ತಾಯಿಯವರಿಗೆ ಇದನ್ನೂ ಹೇಳಿದೆ. ಅವರು ಬೈಯಲಿಲ್ಲ. ಉಳಿದ ಎರಡು ಲೇಪಗಳ ದಿನವೂ ಬಟ್ಟೆಗಳನ್ನು ಕೇಳಿ ತೆಗೆದುಕೊಂಡು, ತಾವೇ ಒಂದೊಂದಾಗಿ ಕಲ್ಲಿನ ಮೇಲೆ ಹರಡಿದರು. ಈಗ ಅದೇ ಕುರ್ಚಿಯಲ್ಲಿ ಕುಳಿತು ಓದುತ್ತಾರೆ. ಮುಂದೆ ಹಳೆಯ ಪೀಠವಿದೆ. ಮಳೆಗಾಲದಲ್ಲಿ ಅಗಸೆ ಎಣ್ಣೆಯ ಮೇಲೆ ಬೂಷ್ಟು ಹಿಡಿಯುವುದುಂಟು. ಆಗಾಗ ಒಣಬಟ್ಟೆಯಿಂದ ಒರೆಸುತ್ತಿರಬೇಕು. ಆ ಕೆಲಸ ನನ್ನದು.